ಪೇಪರ್ ಅಂಚಿನ ನಂಬರುಗಳು

ನಮ್ಮ ಮೇಷ್ಟ್ರಿಗೆ ನಾವಿಟ್ಟ ಹೆಸರು ‘ಒಣಸೊಪ್ಪು’. ಸಸ್ಯಶಾಸ್ತ್ರ ವಿಭಾಗದಿಂದ ನಿವೃತ್ತರಾಗಿ ಹನ್ನೊಂದು ವರ್ಷವಾಗಿದ್ದರೂ ದಿನಾ ಒಂಬತ್ತೂವರೆಗೆ ಬಂದು, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಒಣಗಿಸಿದ ಗಿಡಗಳ ಕಟ್ಟುಗಳ ನಡುವೆ ಕೂರುತ್ತಿದ್ದರು. ನುಸಿಗುಳಿಗೆಯ ವಾಸನೆ ಅಂಗಿಗೇ ಹತ್ತಿಬಿಟ್ಟಿತ್ತು. ಅವರಿಗಿಂತ ಮೊದಲು ಅದೇ ಬಂದು ಹಾಜರಿ ಹಾಕುತ್ತಿತ್ತು.

ಗಿಡಗಳೆಲ್ಲ ಒಂದೇ ಗುಡ್ಡದವು. ಮೂವತ್ತು ವರ್ಷ ಹತ್ತಿ ಇಳಿದು ತಂದವು. ಆ ಗುಡ್ಡ ಈಗಿಲ್ಲ. ಕಲ್ಲಿಗಾಗಿ ಒಡೆದೂ ಒಡೆದೂ ಹೊಂಡವಾಗಿದೆ. ಗಿಡ ಕಿತ್ತಾಗ ಹಳೇ ಪೇಪರ್ ನಡುವೆ ಇಟ್ಟು, ಅದರ ಅಂಚಿನಲ್ಲಿ ಪೆನ್ಸಿಲ್‌ನಿಂದ ನಂಬರು ಬರೆಯುವುದು ಅವರ ರೂಢಿ. ಯಾವ ಬಂಡೆ, ಯಾವ ದಿನ, ಹೂವಿನ ಬಣ್ಣ ಏನು ಎಂಬುದೆಲ್ಲ ಆ ನಂಬರಿನ ಮುಂದೆ ನೋಟ್‌ಬುಕ್ಕಿನಲ್ಲಿ. ಒಂದೇ ಗಿಡವನ್ನು ಇಪ್ಪತ್ತು ಸಲ ತಂದಿದ್ದರು, ಯಾವ ವರ್ಷ ಯಾವಾಗ ಹೂ ಬಿಟ್ಟಿತೆಂದು ತಿಳಿಯಲು. ನಂಬರಿಲ್ಲದ ಗಿಡ ದನಕ್ಕೂ ಬೇಡದ ಹುಲ್ಲು ಎನ್ನುತ್ತಿದ್ದರು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಡಿಗ್ರಿಯ ಎರಡನೇ ವರ್ಷ ಅವರಿಗೆ ಸಹಾಯ ಮಾಡಲು ನನ್ನನ್ನು ಹಾಕಿದರು. ಹಾಜರಿ ಕಮ್ಮಿಯಾದಾಗಲೆಲ್ಲ ರಜಾ ಅರ್ಜಿಯಲ್ಲಿ ಅಜ್ಜಿಯನ್ನು ಸಾಯಿಸಿ, ಒಟ್ಟು ಮೂರು ಸಲ ಸಾಯಿಸಿ ಸಿಕ್ಕಿಬಿದ್ದವಳು ನಾನು. ಮಂಗನ ಕೈಗೆ ಮಾಣಿಕ್ಯ ಎಂದು ಗೆಳತಿಯರು ನಕ್ಕರು.

ಮೇಷ್ಟ್ರು ಕಣ್ಣಿನ ಆಪರೇಷನ್‌ಗೆ ಹೋದ ವಾರ, ಬಂದಾಗ ಖುಷಿಪಡಲಿ ಎಂದು ನಾನು ಕೋಣೆಯಲ್ಲಿದ್ದ ಆರೂ ಕಟ್ಟು ಬಿಚ್ಚಿದೆ. ಮುಟ್ಟಿದರೆ ಪುಡಿಯಾಗುವ ಹಳದಿ ಪೇಪರ್ ತೆಗೆದು, ಮುನ್ನೂರ ಹನ್ನೆರಡು ಗಿಡಗಳನ್ನೂ ಹೊಸ ಬಿಳಿ ಹಾಳೆಗೆ ಹಾಕಿದೆ. ಹಳೆಯದನ್ನು ಅಟೆಂಡರ್ ಅಣ್ಣ ಗುಜರಿಯವನಿಗೆ ಕೊಟ್ಟ. ಕಟ್ಟುಗಳ ಮುಂದೆ ನಿಂತು ಸೆಲ್ಫಿ ಬೇರೆ ತೆಗೆದುಕೊಂಡೆ.

ಮೇಷ್ಟ್ರು ಕಪ್ಪು ಕನ್ನಡಕದಲ್ಲಿ ಬಂದರು. ಒಂದು ಕಟ್ಟು ಬಿಚ್ಚಿದರು. ಇನ್ನೊಂದು ಬಿಚ್ಚಿದರು.

“ಹಳೇ ಪೇಪರ್ ಎಲ್ಲಮ್ಮ?”

ಎಸೆದೆವು ಎಂದೆ, ನಗುತ್ತಲೇ.

“ನಂಬರು ಅದರಲ್ಲೇ ಇತ್ತು.”

ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮರುದಿನದಿಂದಲೇ ಒಂದೊಂದು ಗಿಡವನ್ನೂ ಲೆನ್ಸ್ ಹಿಡಿದು ನೋಡಿ, ನೋಟ್‌ಬುಕ್ ತಿರುವಿ, ನೆನಪಿನಿಂದಲೇ ನಂಬರು ಹುಡುಕತೊಡಗಿದರು. ಇವಳು ಬಂಡೆ ಸಂದಿಯವಳು, ಆ ವರ್ಷ ಮಳೆ ತಡ, ಅದಕ್ಕೇ ಕಾಂಡ ಗಿಡ್ಡ, ಹೀಗೆ. ಅವರು ಹೇಳಿದ್ದನ್ನು ನಾನು ಬರೆದೆ. ಹದಿನಾಲ್ಕು ತಿಂಗಳಲ್ಲಿ ತೊಂಬತ್ತೇಳು ಗಿಡ. ಆಮೇಲೊಂದು ಸೋಮವಾರ ಬಸ್‌ಸ್ಟಾಪಿನಲ್ಲಿ ಕೂತವರು ಏಳಲಿಲ್ಲ.

ವಿಭಾಗದಲ್ಲಿ ಸಂತಾಪ ಸಭೆ ಇಟ್ಟರು. ಮುಖ್ಯಸ್ಥೆ ಮೇಡಂ ಚೆನ್ನಾಗಿಯೇ ಮಾತಾಡಿದರು. ಕೊನೆಗೆ ದನಿ ತಗ್ಗಿಸಿ, ಇಂಥ ದೊಡ್ಡ ಮನುಷ್ಯರಿಗೂ ಅರಳುಮರಳು ತಪ್ಪಲಿಲ್ಲ, ನಂಬರಿನ ಪೇಪರನ್ನು ತಮ್ಮ ಕೈಯಾರೆ ಎಸೆದುಬಿಟ್ಟರು ಎಂದರು. ನೆನಪಿನಿಂದ ಹಾಕಿದ ನಂಬರು ನಂಬುವಂತಿಲ್ಲ, ಆರೂ ಕಟ್ಟು ವಿಲೇವಾರಿಯಾಗುತ್ತವೆ, ಕೋಣೆ ಜೆರಾಕ್ಸ್ ಮೆಷಿನ್ನಿಗೆ ಬೇಕು ಎಂದೂ ಸೇರಿಸಿದರು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಮಗಳು ತಲೆಯಾಡಿಸಿದರು. ಅಪ್ಪ ದಾರಿ ತಪ್ಪಿಯಾರೆಂದು ಒಂದು ವರ್ಷದಿಂದ ಅವರ ಜೇಬಿನಲ್ಲಿ ಅಡ್ರೆಸ್ ಚೀಟಿ ಇಟ್ಟು ಕಳಿಸುತ್ತಿದ್ದರಂತೆ. ಮೇಷ್ಟ್ರು ಅದನ್ನೂ ಇಟ್ಟುಕೊಂಡು ಬರುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಅಟೆಂಡರ್ ಅಣ್ಣನನ್ನು ತಿವಿದೆ.

“ಮೇಷ್ಟ್ರೇ ಎಲ್ರಿಗೂ ಹಾಗೆ ಹೇಳಿದ್ದಮ್ಮ,” ಎಂದ ಪಿಸುದನಿಯಲ್ಲಿ. “ಹುಡುಗಿ ಇನ್ನೂ ಓದಬೇಕು, ನನಗೇನು ಆಗಬೇಕಿದೆ ಅಂದ್ರು. ನನ್ನ ಬಾಯಿಗೂ ಬೀಗ ಹಾಕ್ಸಿದ್ರು.”

ಎದ್ದು ನಿಂತೆ.

“ಪೇಪರ್ ಎಸೆದಿದ್ದು ನಾನು. ಸರ್‌ಗೆ ಮರೆವು ಇರ್ಲಿಲ್ಲ. ಆ ತೊಂಬತ್ತೇಳೂ ಸರಿ ಇವೆ, ಇಟ್ಕೊಳ್ಳಿ.”

ಹಿಂದಿನ ಬೆಂಚಿನಲ್ಲಿ ಯಾರೋ, ಮತ್ತೆ ಅಜ್ಜಿ ಸತ್ತಳು ಎಂದು ಗೊಣಗಿದರು. ಮೇಡಂ ಕಣ್ಣೊರೆಸಿಕೊಂಡು, ಗುರುವಿನ ಮಾನಕ್ಕಾಗಿ ತಪ್ಪನ್ನು ಮೈಮೇಲೆ ಹಾಕಿಕೊಳ್ಳುವ ಶಿಷ್ಯೆ ಎಂದು ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಅಟೆಂಡರ್ ಅಣ್ಣನ ಕಡೆ ನೋಡಿದೆ. ಗುಜರಿಗೆ ಕೊಟ್ಟವನು ತಾನೇ ಆದ್ದರಿಂದ ಅವನು ನೆಲ ನೋಡುತ್ತಿದ್ದ.

ಮೇಷ್ಟ್ರ ಮಗಳು ಬಂದು ನನ್ನ ಕೈ ಹಿಡಿದರು.

“ಬೇಡ ಪುಟ್ಟಿ. ಅಪ್ಪ ಹೇಗಾಗಿದ್ರು ಅಂತ ನಮಗೆ ಗೊತ್ತಿದೆ.”

ಅಕ್ಕಾ, ನಿಜ ಎಂದೆ. ಅವರು ನನ್ನ ಬೆನ್ನು ಸವರಿದರು.

ಶುಕ್ರವಾರ ಕಟ್ಟುಗಳನ್ನು ಹೊರಗೆ ಸಾಗಿಸಿದರು. ಒಂದು ಹಾಳೆಯನ್ನು ಮಾತ್ರ ಎಳೆದುಕೊಂಡು ಬಂದೆ. ಮೇಷ್ಟ್ರು ಇನ್ನೂ ನೋಡದೆ ಉಳಿದವುಗಳಲ್ಲಿ ಒಂದು. ನೋಟ್‌ಬುಕ್ ಹೇಗೂ ನನ್ನ ಬಳಿಯೇ ಇತ್ತು. ನೋಟ್‌ಬುಕ್ಕಿನಲ್ಲಿ ನೀಲಿ ಹೂ ಇದೆ, ಹಳದಿ ಇದೆ, ತಿಳಿಗೆಂಪು ಇದೆ. ನನ್ನ ಹಾಳೆಯ ಹೂ ಕಂದು. ಒಣಗಿದ ಮೇಲೆ ಎಲ್ಲ ಹೂವೂ ಕಂದೇ.