ಮರುವಾಯಿ ಚಿಪ್ಪು ಪುಡಿಯಾದ ದಿನ

ನಾನು ಜೆಪ್ಪುವಿನ ಹೇಮಾಕ್ಷಿ. ನೇತ್ರಾವತಿ ಅಳಿವೆಯಲ್ಲಿ ಸೊಂಟಮಟ್ಟ ನೀರಿಗಿಳಿದು ಮರುವಾಯಿ, ಅಂದರೆ ಕಪ್ಪೆಚಿಪ್ಪು, ಹೆಕ್ಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬೀಗುತ್ತಿದ್ದೆ. ಆ ಜಂಬ ಇಳಿದದ್ದು ಮೊನ್ನೆ ಆದಿತ್ಯವಾರ.

ಮಗಳು ದೀಕ್ಷಿತಾ ಏಳು ತಿಂಗಳ ಬಸುರಿ. "ಅಮ್ಮಾ, ಮರುವಾಯಿ ಸುಕ್ಕ ತಿನ್ಬೇಕು ಅಂತ ಆಗ್ತಾ ಉಂಟು" ಎಂದಳು. ಬಸುರಿಯ ಬಯಕೆ, ಇಲ್ಲವೆನ್ನಲಾದೀತೆ? ಅಳಿವೆಗಿಳಿದು ಎರಡು ಗಂಟೆ ತಡಕಾಡಿದರೂ ಅರ್ಧ ಬಾಲ್ದಿ ತುಂಬಲಿಲ್ಲ. ಸಿಕ್ಕಿದವೂ ಹೆಚ್ಚಿನವು ಉಗುರಿನಷ್ಟು. ಮನೆಗೆ ಬಂದು ಮೆಟ್ಟುಕತ್ತಿಗೆ ಒತ್ತಿದರೆ ಚಿಪ್ಪು ಬಾಯಿ ಬಿಡಲಿಲ್ಲ, ಹಪ್ಪಳದ ಹಾಗೆ ಪುಡಿಯಾಯಿತು.

ಹಿಂದಿನ ದಿನವಷ್ಟೇ ಕತ್ತಿಗೆ ಸಾಣೆ ಹಿಡಿಸಿದ್ದೆ. ಅದರದ್ದೇ ತಪ್ಪೆಂದು ಬೈದೆ.

ಪಕ್ಕದ ಮನೆಯ ವಿಜ್ಞಾನ ಟೀಚರ್ ಶಹನಾಝ್ ಚಿಪ್ಪಿನ ಚೂರು ಎತ್ತಿ ನೋಡಿದರು. "ಕತ್ತಿಯನ್ನು ಬೈಬೇಡಿ ಹೇಮಕ್ಕ. ಒಂದು ಲಿಂಬೆ ಕೊಡಿ."

ಹಿಂಡಿದರು. ಚಿಪ್ಪಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು.

"ಇದೆಂತ?"

"ಹುಳಿ ಚಿಪ್ಪನ್ನು ತಿಂತಾ ಉಂಟು. ಗಾಡಿ, ಕಾರ್ಖಾನೆ, ಕಲ್ಲಿದ್ದಲಿನ ಹೊಗೆಯ ಇಂಗಾಲದ ಅನಿಲವನ್ನು ಸಮುದ್ರ ಹೀರಿಕೊಳ್ತದೆ. ಹಾಗೆ ನೀರು ಹುಳಿಯ ಕಡೆಗೆ ಸರೀತಾ ಉಂಟು."

"ಸುಮ್ಮನಿರಿ ಮಾರಾಯ್ರೆ! ದಿನಾ ಆ ನೀರು ನನ್ನ ಬಾಯಿಗೆ ಹೋಗ್ತದೆ. ಬರೀ ಉಪ್ಪು."

"ನಾಲಗೆಗೆ ಗೊತ್ತಾಗುವಷ್ಟಲ್ಲ. ಸಮುದ್ರ ಲಿಂಬೆಯಷ್ಟು ಹುಳಿ ಆಗುವುದೂ ಇಲ್ಲ. ಆದರೆ ಮರುವಾಯಿಯ ಮರಿಗೆ ಚಿಪ್ಪು ಕಟ್ಲಿಕ್ಕೆ ಅಷ್ಟರಲ್ಲೇ ಕಷ್ಟ ಆಗ್ತದೆ. ಇದು ಪುಡಿಯಾದದ್ದು ಅದರಿಂದಲೇ ಅಂತ ನಾನು ಹೇಳುವುದಿಲ್ಲ. ಹೊಳೆಯ ಕೊಳಕೂ ಇರಬಹುದು, ಪರೀಕ್ಷೆ ಆಗ್ಬೇಕು. ಸಮುದ್ರ ಬದಲಾಗ್ತಿರುವುದು ಮಾತ್ರ ನಿಜ. ಚಿಪ್ಪಿನ ಜೀವ ಹೋದರೆ ಅದನ್ನು ತಿಂದು ಬದುಕುವ ಮೀನೂ ಹೋಗ್ತದೆ. ಮತ್ತೆ ನಮ್ಮ ಬಟ್ಟಲಿಗೆ ಎಂತ?"

ಅಮ್ಮ ನನಗೆ ಉಣಿಸಿದ್ದು, ನಾನು ದೀಕ್ಷಿತಾಳಿಗೆ ಉಣಿಸಿದ್ದು ಇದನ್ನೇ. ಹುಟ್ಟುವ ಮಗುವಿಗೆ ಏನು ಉಣಿಸಲಿ? ನಿಜಕ್ಕೂ ಹೆದರಿದೆ.

"ನಮ್ಮಿಂದ ಎಂತ ಆಗ್ತದೆ ಟೀಚರೆ?"

"ಸಣ್ಣದನ್ನು ಹೆಕ್ಕಬೇಡಿ. ಅದು ದೊಡ್ಡದಾಗಿ ಮೊಟ್ಟೆ ಇಡ್ಲಿ. ಹೊಳೆಗೆ ಕೊಳಕು ಬಿಡ್ಬೇಡಿ. ಬಸ್ಸಿದ್ದ ಕಡೆ ಬಸ್ಸಿನಲ್ಲೇ ಹೋಗಿ. ಚಿಪ್ಪು ಹೀಗೆ ಪುಡಿಯಾದರೆ ಮೀನುಗಾರಿಕೆ ಇಲಾಖೆಗೆ ಹೇಳಿ."

ದೀಕ್ಷಿತಾ ಬಾಲ್ದಿಯನ್ನು ನನ್ನ ಕಡೆಗೆ ತಳ್ಳಿದಳು. "ಸಣ್ಣದಕ್ಕೆಲ್ಲ ಇನ್ನೂ ಜೀವ ಉಂಟಮ್ಮ, ಹೊಳೆಗೆ ಬಿಟ್ಟು ಬಾ. ನನ್ನ ಬಯಕೆ ಇರ್ಲಿ." ಹೊಟ್ಟೆ ಸವರಿಕೊಂಡಳು. "ಇದಕ್ಕೂ ಒಂದು ದಿನ ಬಯಕೆ ಆಗ್ತದಲ್ಲ?"

ಬಿಟ್ಟು ಬಂದೆ. ಬಾಲ್ದಿಯಲ್ಲಿ ಉಳಿದದ್ದು ದೊಡ್ಡವು ಏಳೇ ಏಳು. ಸುಕ್ಕ ಒಂದು ಸೌಟೂ ಆಗಲಿಲ್ಲ.

ಅಕ್ಕಂದಿರೇ, ತಂಗಿಯರೇ, ನಿಮ್ಮ ಬಾಲ್ದಿಯನ್ನೂ ಒಮ್ಮೆ ಬಗ್ಗಿ ನೋಡಿ. ಸಣ್ಣದಿದ್ದರೆ ಇವತ್ತೇ ನೀರಿಗೆ ಬಿಡಿ. ಹೊಗೆ ಉಗುಳುವವರನ್ನೂ ಹೊಳೆಗೆ ಕೊಳಕು ಬಿಡುವವರನ್ನೂ ವಾರ್ಡ್ ಸಭೆಯಲ್ಲಿ ಎದ್ದು ನಿಂತು ಕೇಳಿ. ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ನಿಮಗೂ ಹೆದರಿಕೆಯಾಗಲಿ, ಆದರೆ ನನ್ನ ಹಾಗೆ ಕತ್ತಿಯನ್ನು ಬೈಯುತ್ತಾ ಕೂರಬೇಡಿ.