ಲೆಕ್ಕದತ್ತೆಯ ಮುನ್ನೂರು ಸುತ್ತು

ಎದುರಿಗೆ ಕೂತವರ ಸುಖದುಃಖ ವಿಚಾರಿಸುತ್ತ, ನಡುನಡುವೆ ನಕ್ಕು, ಒಮ್ಮೊಮ್ಮೆ ಜಗಳವನ್ನೂ ಆಡುತ್ತ, ಕೈಯಲ್ಲಿನ ತಾಮ್ರದ ತಂತಿಯ ಒಂದು ಸುತ್ತನ್ನೂ ತಪ್ಪದೆ ಎಣಿಸಬಲ್ಲವರೆಂದರೆ ಆ ಬೀದಿಗೆಲ್ಲ ಲೆಕ್ಕದತ್ತೆಯೊಬ್ಬರೇ. ತಮ್ಮನ ಮೋಟಾರು ರಿಪೇರಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಕಾಯಿಲ್ ಸುತ್ತಿದವರು. ವಾರ್ನಿಷ್ ಮೆತ್ತಿ ಮೊಣಕೈಯಲ್ಲಿ ರಟ್ಟಿನಂತಾದ ನೀಲಿ ಕೋಟು, ಮೆಟ್ಟಿಲು ಹತ್ತುವಾಗಲೂ ಮಿಸುಕುವ ತುಟಿ. ನೂರು ತುಂಬಿದಾಗೊಮ್ಮೆ ತಗಡಿನ ಡಬ್ಬಿಗೆ ಟಣ್ಣೆಂದು ಒಂದು ವಾಷರ್ ಹಾಕುವರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ಅಂಥವರಿಗೆ ಅರವತ್ತೊಂದರಲ್ಲಿ ಒಂದು ಕಾಯಿಲೆ ಬಂದುಹೋದ ಮೇಲೆ ಎಣಿಕೆ ನಡುವೆಯೇ ಜಾರತೊಡಗಿತು. ಸುತ್ತು ಕಡಿಮೆಯಾಗಿ ಎರಡು ಮೋಟಾರು ಸುಟ್ಟು ಹಿಂದಕ್ಕೆ ಬಂದವು.

ತಮ್ಮ ಮೆಲ್ಲಗೆ ಹೇಳಿದ: “ಅಕ್ಕಾ, ಇನ್ಮೇಲೆ ನೀನು ಮುಂದೆ ಕೂತು ಬಂದವರನ್ನ ಮಾತಾಡಿಸ್ಕೊಂಡಿರು. ಎಣಿಸೋ ಮೀಟರ್ ರೆಡಿ ಸಿಗುತ್ತೆ, ಬೇರೆಯವರು ಸುತ್ಲಿ.”

“ಇನ್ನೊಬ್ಬರ ಎಣಿಕೆ ನಂಬಿ ನಾನು ಯಾವತ್ತು ಸುತ್ತಿದೀನಿ? ಒಂದು ತಿಂಗಳು ಕೊಡು,” ಎಂದವರು ಸೀದಾ ಪಾಲಿಟೆಕ್ನಿಕ್‌ನಲ್ಲಿ ಓದುವ ತಮ್ಮನ ಮಗಳ ಮುಂದೆ ಹೋಗಿ ಕೂತರು. ಅವಳ ಪುಸ್ತಕಗಳಲ್ಲಿ ತೀರ ತೆಳ್ಳಗಿನದನ್ನು ಆರಿಸಿಕೊಂಡರು. ಅದು ಮೈಕ್ರೋಕಂಟ್ರೋಲರ್ ಎಂಬ ಉಗುರಿನಷ್ಟು ಚಿಪ್‌ಗೆ ಅಸೆಂಬ್ಲಿ ಭಾಷೆಯಲ್ಲಿ ಆಜ್ಞೆ ಬರೆಯುವ ಪುಸ್ತಕ.

“ಅತ್ತೆ, ಸುಲಭದ ಭಾಷೆಗಳಿವೆ. ಇದರಲ್ಲಿ ಒಂದೊಂದು ಹೆಜ್ಜೆನೂ ನಾವೇ ಹೇಳ್ಬೇಕು.”

“ನಂಗೆ ಬೇಕಾಗಿರೋದೂ ಅದೇ.”

ಇಪ್ಪತ್ತಾರನೆಯ ದಿನ, ಅತ್ತೆ ತಾವೇ ಆಜ್ಞೆ ಬರೆದ ಚಿಪ್ ಕೂರಿಸಿದ್ದ, ಎಣಿಸುತ್ತ ಹೋಗಿ ಮುನ್ನೂರಕ್ಕೆ ನಿಲ್ಲಬೇಕಾದ ತಂತಿ ಸುತ್ತುವ ಯಂತ್ರ ಬಹಳ ಮೊದಲೇ ಗಕ್ಕನೆ ನಿಂತಿತು. ಬಿಚ್ಚಿ ಎಣಿಸಿದರೆ ನಲವತ್ತನಾಲ್ಕು. ಚಿಪ್‌ನೊಳಗೆ ಸಂಖ್ಯೆ ಇಡುವ ಒಂದು ಖಾನೆ ಇನ್ನೂರೈವತ್ತೈದಕ್ಕಿಂತ ಹೆಚ್ಚು ಹಿಡಿಯದು, ಇನ್ನೂರೈವತ್ತಾರಕ್ಕೆ ಮತ್ತೆ ಸೊನ್ನೆ. ಮುನ್ನೂರನ್ನು ಅದರಲ್ಲಿ ತುರುಕಿದರೆ ಉಳಿಯುವುದು ನಲವತ್ತನಾಲ್ಕೇ. ಕಂಪ್ಯೂಟರ್ ಎಚ್ಚರಿಸಿಯೂ ಇತ್ತು. ಅತ್ತೆ ಅದನ್ನು ಉಪಚಾರದ ಮಾತೆಂದು ಕಡೆಗಣಿಸಿದ್ದರು. ಹುಡುಗಿ ವಿವರಿಸಿ ಮುಗಿಸುವ ಮೊದಲೇ, “ಖಾನೆ ತುಂಬಿದ್ರೆ ಪಕ್ಕದ ಖಾನೇಲಿ ಒಂದು ವಾಷರ್ ಹಾಕ್ಬೇಕು, ಅಷ್ಟೇ ತಾನೆ?” ಎಂದರು. ಅಷ್ಟೇ. ಕಾಲೇಜಿನಲ್ಲಿ ಅದಕ್ಕೆ ಎರಡು ತರಗತಿ ಹಿಡಿದಿತ್ತು.

ತಿಂಗಳ ಕೊನೆಯ ದಿನ ಸುತ್ತಿದ ಕಾಯಿಲನ್ನು ತಮ್ಮ ತಾನೇ ಬಿಚ್ಚುತ್ತ ಎಣಿಸಿದ. ಯಾರೋ ಕರೆದರೆಂದು ತಿರುಗಿದ್ದೇ ಲೆಕ್ಕ ತಪ್ಪಿತು. ಕೆಲಸದವರು ನಗು ನುಂಗಿಕೊಂಡರು. “ಇರ್ಲಿ ಬಿಡು, ಇನ್ನೊಂದು ಸುತ್ತಿಸ್ತೀನಿ,” ಎಂದರು ಅತ್ತೆ. ಎರಡನೆಯದನ್ನು ಅವನು ಬಾಗಿಲು ಹಾಕಿಕೊಂಡು ಎಣಿಸಿದ. ಮುನ್ನೂರು.

“ನಿನ್ನ ಜಾಗದಲ್ಲೇ ಕೂತ್ಕೋ ಅಕ್ಕಾ,” ಎಂದ.

“ನಾನು ಎದ್ದಿದ್ದು ಯಾವಾಗ?”

ಕೈಲಾಗದೆಂದು ಸುಮ್ಮನಾಗುವವರು ನಮ್ಮಲ್ಲಿ ಬಹಳ. ಆಗದ್ದನ್ನು ಮುಚ್ಚಿಟ್ಟು ಬೀಗುವವರು ಅದಕ್ಕೂ ಹೆಚ್ಚು. ತಮ್ಮ ಬುದ್ಧಿ ಎಲ್ಲಿ ಜಾರುತ್ತದೆಂದು ಒಪ್ಪಿಕೊಂಡು, ಅಲ್ಲಿಗೆ ಬೇಕಾದ ಊರುಗೋಲನ್ನು ತಾವೇ ಕೆತ್ತಿಕೊಳ್ಳುವವರು ಊರಿಗೊಬ್ಬರು ಸಿಕ್ಕರೆ ಪುಣ್ಯ. ಅಂಥವರು ನಮ್ಮವರೆಂದು ಹೇಳಿಕೊಳ್ಳಲು ನಾವು ತುದಿಗಾಲಲ್ಲಿ ನಿಂತಿರುತ್ತೇವೆ. ಅದನ್ನು ಕೇಳಲು ಅವರಿಗೆ ಪುರುಸೊತ್ತಿರುವುದಿಲ್ಲ, ಕೈಯಲ್ಲಿ ಕೆಲಸವಿರುತ್ತದೆ.