ಹೊಗೆಗುಂಡಿಯ ಬಿರಡೆ

ಹೆಂಡದಂಗಡಿಯ ಮುಂದೆ ಹಾದುಹೋಗುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವವರು ನಮ್ಮತ್ತೆ ದೇವೀರಮ್ಮ. ಅಂಥವರನ್ನು ವೈನ್ ಮಾಡುವ ಜಾಗ ತೋರಿಸುತ್ತೇವೆಂದು ಬಸ್ಸು ಹತ್ತಿಸಿದ ಪಾಪ ನಮ್ಮದು. ೨೦೦೮ನೇ ಇಸವಿ, ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ತೋಟಗಾರಿಕೆ ಇಲಾಖೆಯವರು ನಂಜನಗೂಡು, ತಿ. ನರಸೀಪುರ ಕಡೆಯ ಮೂವತ್ತು ಜನ ರೈತರನ್ನು ಎರಡು ದಿನದ ಪ್ರವಾಸಕ್ಕೆ ಹೊರಡಿಸಿದ್ದರು. ಮೊದಲು ನಂದಿಬೆಟ್ಟದ ತಪ್ಪಲಿನ ವೈನರಿ, ಆಮೇಲೆ ಚನ್ನಪಟ್ಟಣದ ಕಡೆಯದೊಂದು, ಹಿಂದಿರುಗುವ ದಾರಿಯಲ್ಲಿ ಕಾವೇರಿ ದಂಡೆಯದು. ಮನಸ್ಸಾದವರು ಆ ಕೊನೆಯ ವೈನರಿಯಲ್ಲಿ ದ್ರಾಕ್ಷಿ ಬೆಳೆದುಕೊಡುವ ಕರಾರಿಗೆ ಸಹಿ ಹಾಕಬಹುದಿತ್ತು.

ನನ್ನ ಗಂಡ ಪುಟ್ಟಸ್ವಾಮಿಗೆ ಮನಸ್ಸಾಗಿತ್ತು. ಆದರೆ ನಮ್ಮೂರು ಹೆಡತಲೆಯಲ್ಲಿದ್ದ ಮೂರು ಎಕರೆಯ ಪಹಣಿ ಅತ್ತೆಯ ಹೆಸರಿನಲ್ಲಿತ್ತು. ಅವರ ಸಹಿಯಿಲ್ಲದೆ ಒಂದು ಬಳ್ಳಿಯನ್ನೂ ನೆಡುವ ಹಾಗಿರಲಿಲ್ಲ. ಕರಾರಿನ ಪ್ರಕಾರ ಹಳೆಯ ಬೆಳೆಯನ್ನೆಲ್ಲ ಕಿತ್ತು ನೆಲ ಬಯಲು ಮಾಡಬೇಕು. ಅಂದರೆ ಮೂಲೆಯ ಹತ್ತು ಗುಂಟೆಯಲ್ಲಿ ಉಳಿದಿದ್ದ ಇಪ್ಪತ್ತಾರು ಬುಡ ರಸಬಾಳೆಯೂ ಹೋಗಬೇಕು. ಮಿಕ್ಕ ರಸಬಾಳೆಯನ್ನು ಬಾಡುವ ರೋಗ ಎಂದೋ ನುಂಗಿ ನೀರು ಕುಡಿದಿತ್ತು.

ಅತ್ತೆ ಒಪ್ಪಿದ್ದರು. ಅದೂ ಸಂತೋಷದಿಂದಲ್ಲ. ‘ಗುಂಡಿ ತಗಿಯೋರೇ ಇಲ್ದ ಮ್ಯಾಲೆ ಬಾಳೆ ಮಡೀಕಂಡು ಏನ್ ಮಾಡದು? ನನ್ ಜೊತೇಲೇ ಓಗ್ಲಿ ಬುಡು’ ಅಂದಿದ್ದರು, ನನ್ನ ಕಡೆ ಒಂದು ನೋಟ ಎಸೆದು.

ಆ ನೋಟದ ಕಥೆ ಹೇಳಲೇಬೇಕು. ರಸಬಾಳೆ ಗೊನೆಗಳನ್ನು ನಾವು ಹಿತ್ತಿಲ ಗುಂಡಿಯಲ್ಲಿ ಒಣಗಿದ ಬಾಳೆಎಲೆ ಹಾಸಿ ಜೋಡಿಸುತ್ತೇವೆ. ಮಡಕೆಯಲ್ಲಿ ಹೊಗೆ ಮಾಡಿ ಒಳಗೆ ಊದಿ, ಮೇಲೆ ಮಣ್ಣು ಮೆತ್ತಿ, ಒಂದೇ ಒಂದು ಕಂಡಿ ಬಿಡುತ್ತೇವೆ. ಆ ಕಂಡಿಗೆ ಬಾಳೆದಿಂಡಿನ ತುಂಡೇ ಬಿರಡೆ. ಮೂರನೇ ದಿನ ಬಿರಡೆ ತೆಗೆದು ಮೂಗಿಟ್ಟು ನೋಡಬೇಕು. ಆಗಿದ್ದರೆ ಗುಂಡಿ ಒಡೆಯುವುದು, ಇಲ್ಲದಿದ್ದರೆ ಮತ್ತೆ ಮುಚ್ಚುವುದು. ರಸಬಾಳೆಯ ಸಿಪ್ಪೆ ತೆಳು, ಅರ್ಧ ದಿನ ತಡವಾದರೆ ಕರಗಿಹೋಗುತ್ತದೆ, ಅರ್ಧ ದಿನ ಮುಂಚೆ ತೆಗೆದರೆ ಕಡೆತನಕ ಒಗರು. ಸುತ್ತಿನ ಹಳ್ಳಿಗಳಲ್ಲಿ ಆ ಗಳಿಗೆ ಹಿಡಿಯಲು ಅತ್ತೆಯ ಮೂಗನ್ನು ಬಿಟ್ಟರೆ ಇನ್ನೊಂದಿರಲಿಲ್ಲ.

ನಾನು ಮದುವೆಯಾಗಿ ಬಂದ ವರ್ಷ, ಅತ್ತೆ ಯಾವುದೋ ಸಾವಿಗೆ ಹೋಗಿದ್ದಾಗ, ನಾನೇ ಬಿರಡೆ ತೆಗೆದೆ. ಘಮ್ಮೆಂದು ಸಿಹಿ ವಾಸನೆ ಬಂತು. ಹಿಗ್ಗಿನಿಂದ ಗುಂಡಿ ಒಡೆಸಿದೆ. ನಲವತ್ತು ಗೊನೆಯೂ ಹಸಿರು ಹಸಿರು. ಅತ್ತೆ ಬಂದು ನೋಡಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ವಾಸನೆ ಬಂದಿತ್ತು ಅತ್ತೆ, ದೇವರಾಣೆ’ ಅಂದೆ. ‘ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ನಿನ್ ಮೂಗು ಮೂಗ್‌ಬೊಟ್ಟು ಆಕಕ್ಕೇ ಸೈ ಕಣಮ್ಮಿ’ ಅಂದರು. ಅಷ್ಟೇ. ಇಪ್ಪತ್ತಾರು ವರ್ಷ ಆ ಕಂಡಿಯ ಹತ್ತಿರ ನನ್ನನ್ನು ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ನಿಜ ಹೇಳುತ್ತೇನೆ, ರಸಬಾಳೆ ಹೋಗುತ್ತದೆಂದರೆ ನನಗೆ ಒಳಗೊಳಗೇ ಖುಷಿಯೇ ಆಗಿತ್ತು.

ಪ್ರವಾಸ ಹೊರಡುವ ಬೆಳಗ್ಗೆ ಅತ್ತೆ ಹನ್ನೆರಡು ಗೊನೆ ಇಟ್ಟು ಗುಂಡಿ ಮುಚ್ಚಿದರು. ‘ಇದೇ ಕಡೇ ಗುಂಡಿ’ ಅಂತ ಕೈ ತೊಳೆದುಕೊಂಡು, ವಿಭೂತಿ ಇಟ್ಟುಕೊಂಡು, ರೊಟ್ಟಿಯ ಗಂಟು ಹಿಡಿದು ಬಸ್ಸು ಹತ್ತಿದರು.

ನಂದಿಯ ತಪ್ಪಲಿನ ವೈನರಿ ಕಂಡದ್ದೇ ನಮ್ಮ ಬಸ್ಸು ಗಪ್‌ಚಿಪ್. ದ್ರಾಕ್ಷಿಯ ಸಾಲುಗಳು ಬೆಟ್ಟದ ಬುಡದವರೆಗೂ ಬೈತಲೆ ತೆಗೆದ ಹಾಗೆ ನೇರವಾಗಿ ಹೋಗಿದ್ದವು. ಒಳಗೆ ಎರಡಾಳು ಎತ್ತರದ ಉಕ್ಕಿನ ಟ್ಯಾಂಕುಗಳು. ಕುಯ್ಲಿನ ಕಾಲವಾದ್ದರಿಂದ ಎಲ್ಲದರಲ್ಲೂ ರಸ ಹುದುಗು ಬರುತ್ತಿತ್ತು. ನಮ್ಮನ್ನು ಕರೆತಂದ ಇಲಾಖೆಯ ಮಹಾದೇವಸ್ವಾಮಿಯವರು, ‘ಕಿವಿ ಇಟ್ಟು ಕೇಳಿ, ಗೊತ್ತಾಗುತ್ತೆ’ ಅಂದರು. ಅತ್ತೆ ಹೆದರುತ್ತ ಉಕ್ಕಿಗೆ ಕಿವಿ ತಾಗಿಸಿದರು. ಹಾಗೇ ನಿಂತುಬಿಟ್ಟರು.

‘ಒಳ್ಗಡೆ ಯಾರೋ ಪಿಸಪಿಸ ಮಾತಾಡ್ತಾವ್ರೆ ಕಣಮ್ಮಿ’ ಅಂದರು.

ನಾನೂ ಕಿವಿ ಇಟ್ಟೆ. ಸಾವಿರಾರು ಗುಳ್ಳೆಗಳು ಏಳುತ್ತ ಒಡೆಯುತ್ತ ಇದ್ದ ಸದ್ದು. ಮೈ ಜುಮ್ಮೆಂದಿತು. ಕಿತ್ತ ಹಣ್ಣು ಸತ್ತಿತು ಎಂದುಕೊಂಡಿರುತ್ತೇವೆ, ಅದು ಕತ್ತಲಲ್ಲಿ ಕೂತು ಇಷ್ಟು ಕೆಲಸ ಮಾಡುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ರುಚಿ ನೋಡಲು ಗಾಜಿನ ಲೋಟದಲ್ಲಿ ಒಂದೊಂದು ಗುಟುಕು ಕೊಟ್ಟರು. ನಮ್ಮೂರ ಮಾದು ಔಷಧಿ ಕುಡಿಯುವಂತೆ ಕಣ್ಣು ಮುಚ್ಚಿ ಗಟಗಟ ಇಳಿಸಿ, ‘ಇಷ್ಟೇನಾ ಸಾ?’ ಅಂದ. ಬಸ್ಸಿನವರೆಲ್ಲ ನಕ್ಕರು. ಅತ್ತೆಯಾಗಲಿ ನಾನಾಗಲಿ ಲೋಟ ಮುಟ್ಟಲಿಲ್ಲ. ಚನ್ನಪಟ್ಟಣದ ಕಡೆಯದರಲ್ಲಿ ಬಾಟಲಿ ತುಂಬುವ ಯಂತ್ರ ನೋಡಿ ನನ್ನ ಗಂಡ ಬಾಯಿ ಬಿಟ್ಟುಕೊಂಡು ನಿಂತ. ‘ನೋಡವ್ವ, ನಮ್ ದ್ರಾಕ್ಷಿನೂ ಇಂಗೇ ಮೆರವಣಿಗೆ ಓಗ್ತದೆ’ ಅಂದ. ಅತ್ತೆ ತಲೆಯಾಡಿಸಿದರು. ಸಹಿ ಆದಂತೆಯೇ ಎಂದುಕೊಂಡೆ ನಾನು.

ಎರಡನೇ ದಿನ ಮಧ್ಯಾಹ್ನ ಕಾವೇರಿ ದಂಡೆಯ ವೈನರಿಗೆ ಬಂದೆವು. ಅಲ್ಲಿ ವೈನ್ ಮಾಡುವವಳು ಒಬ್ಬ ಹೆಣ್ಣುಮಗಳು, ಹೆಸರು ವಾಣಿ, ವಯಸ್ಸು ಮೂವತ್ತರ ಒಳಗೇ. ಅತ್ತೆ ಮೊದಲು ಕೇಳಿದ್ದೇ, ‘ಯಾವೂರವ್ವ ನಿಂದು?’

‘ಸೋಸಲೆ ಕಣಜ್ಜಿ’ ಅಂದಳು.

ಆ ಒಂದು ಮಾತಿಗೆ ಅತ್ತೆಯ ಮುಖ ಸಡಿಲವಾಯಿತು. ನರಸೀಪುರದ ಪಕ್ಕದ ಹುಡುಗಿ ವೈನ್ ಮಾಡುವುದೆಂದರೇನು! ಅವಳು ನಮ್ಮನ್ನು ನೆಲದಡಿಯ ಕೋಣೆಗೆ ಮೆಟ್ಟಿಲಿಳಿಸಿದಳು. ಹೊರಗೆ ಮಾರ್ಚ್ ತಿಂಗಳ ಬಿಸಿಲು, ಒಳಗೆ ತಂಪು. ಮಂದ ಬೆಳಕಿನಲ್ಲಿ ಮರದ ಪೀಪಾಯಿಗಳು ಸಾಲು ಸಾಲಾಗಿ ಮಲಗಿದ್ದವು. ಯಾರೂ ಹೇಳದೆ ನಮ್ಮವರೆಲ್ಲ ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದರು. ಮಾದು ಕೂಡ ಕೈ ಮುಗಿದುಕೊಂಡು ನಿಂತಿದ್ದ.

‘ಅಯ್ಯೋ, ಚಪ್ಪಲಿ ಬಿಡೋದೇನೂ ಬೇಕಾಗಿಲ್ಲ’ ಎಂದಳು ವಾಣಿ. ಯಾರೂ ಹೋಗಿ ಹಾಕಿಕೊಳ್ಳಲಿಲ್ಲ. ಅವಳು ನನ್ನ ಕಡೆ ತಿರುಗಿ ಸಂಕೋಚದಿಂದ, ‘ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮುಡಿಯಲ್ಲಿರೋ ಮಲ್ಲಿಗೆ ತೆಗೆದು ಹೊರಗಿಡ್ತೀರಾ? ಇಲ್ಲಿ ಹೂವು ಇದ್ದರೆ ಪೀಪಾಯಿ ವಾಸನೆ ಗೊತ್ತಾಗಲ್ಲ. ನಾನೂ ಕೆಲಸದ ದಿನ ಮುಡಿಯಲ್ಲ. ಕಲಿಯೋವಾಗ ಒಂದ್ಸಲ ಮುಡ್ಕೊಂಡು ಬಂದು, ಹಸಿ ಇದ್ದಿದ್ದನ್ನ ಆಗಿದೆ ಅಂತ ಹೇಳಿ ಉಗಿಸ್ಕೊಂಡಿದೀನಿ’ ಎಂದಳು.

ನನ್ನ ಕೈ ಮುಡಿಯ ಮೇಲೇ ನಿಂತುಹೋಯಿತು.

ನಾನೇ ಬಿರಡೆ ತೆಗೆದ ಆ ವರ್ಷ ಹೊಸ ಮದುವಣಗಿತ್ತಿ ನಾನು. ಆ ದಿನ ಬೆಳಗ್ಗೆ ತವರಿನಿಂದ ಬಂದಿದ್ದ ಎರಡು ಮೊಳ ಮಲ್ಲಿಗೆ ಮುಡಿದಿದ್ದೆ. ಕಂಡಿಗೆ ಬಗ್ಗಿದಾಗ ಹೂವಿನ ದಂಡೆ ಕೆನ್ನೆಗೆ ಜಾರಿ ಬಿದ್ದಿತ್ತು. ಘಮ್ಮೆಂದದ್ದು ಬಾಳೆಯಲ್ಲ. ಇಪ್ಪತ್ತಾರು ವರ್ಷ ನಾನು ನನ್ನ ಮೂಗನ್ನೇ ಬೈದುಕೊಂಡಿದ್ದೆ.

ಅತ್ತೆಯನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಮೂವತ್ತು ತುಂಬುವ ಮೊದಲೇ ಮಾವ ತೀರಿಕೊಂಡಿದ್ದರು. ಅಂದಿನಿಂದ ಅವರ ತಲೆಗೆ ಹೂವು ಸೋಕಿರಲಿಲ್ಲ. ಗುಂಡಿ ತೆಗೆಯುವ ಕೆಲಸ ಅವರ ಕೈಗೆ ಬಂದದ್ದೂ ಆಮೇಲೆಯೇ. ಹೂವು ಮುಡಿದವಳು ಬಿರಡೆ ತೆಗೆದರೆ ಏನಾಗುತ್ತದೆಂದು ಅವರಿಗಾದರೂ ಹೇಗೆ ಗೊತ್ತಿರಬೇಕು? ಹೂವನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟು ಬಂದೆ.

ವಾಣಿ ಒಂದು ಪೀಪಾಯಿಯ ಹೊಟ್ಟೆಯ ಮೇಲಿನ ಬಿರಡೆಯನ್ನು ಅಂಗೈಯಲ್ಲಿ ತಿರುಗಿಸಿ ಎತ್ತಿದಳು. ಬಗ್ಗಿ, ಕಣ್ಣು ಮುಚ್ಚಿ, ಕಂಡಿಗೆ ಮೂಗಿಟ್ಟಳು. ಅದೇ ಬಗ್ಗುವಿಕೆ, ಉಸಿರು ಬಿಗಿಹಿಡಿದ ಅದೇ ನಿಲುವು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು.

‘ಇವ್ಳು ನಮ್ಮೋಳು ಕಣಮ್ಮಿ’ ಅಂದರು. ಅವರ ಕಣ್ಣಲ್ಲಿ ನೀರಿತ್ತು. ‘ನಮ್ ಇತ್ಲು ಗುಂಡಿನೇ ಇವ್ರು ನೆಲದ್ ಒಳ್ಗಡೆ ಅರಮನೆ ಕಟ್ಟಿ ಮಡಗವ್ರೆ.’

‘ನೀವೂ ನೋಡಿ ಅಜ್ಜಿ, ಕುಡಿಯೋದು ಬೇಡ, ಬರೀ ವಾಸನೆ’ ಎಂದಳು ವಾಣಿ.

‘ನಾನ್ಯಾಕೆ? ನನ್ ಸೊಸೆ ನೋಡ್ಲಿ’ ಅಂದರು ಅತ್ತೆ.

ಮೊದಲ ಕಂಡಿಗೆ ಬಗ್ಗಿದೆ. ಮೊದಲು ಏನೂ ಇಲ್ಲ, ಆಮೇಲೆ ಎಲ್ಲವೂ. ನೇರಳೆ ಹಣ್ಣು, ಸುಟ್ಟ ಸೌದೆ, ಅದರ ಹಿಂದೆ ಮೊದಲ ಮಳೆಗೆ ನೆನೆದ ಹೊಲ. ಒಂದು ಪೀಪಾಯಿಯಲ್ಲಿ ಇಷ್ಟೊಂದು ಲೋಕ ಮಡಚಿಟ್ಟಿದ್ದಾರಲ್ಲ ಎಂದು ದಿಗ್ಭ್ರಮೆಯಾಯಿತು. ಎರಡನೆಯದಕ್ಕೆ ಬಗ್ಗಿದೆ. ಹಸಿ ದಂಟು ಮುರಿದ ವಾಸನೆ ಮೂಗಿಗೆ ಹೊಡೆಯಿತು.

‘ಇದು ಬಲಿಯೋಕೆ ಮುಂಚೆ ಕುಯ್ದಿರೋದು. ಎಷ್ಟು ದಿನ ಮುಚ್ಚಿಟ್ಟರೂ ಒಗರು ಹೋಗಲ್ಲ’ ಅಂದೆ.

ವಾಣಿ ನನ್ನ ಮುಖ ನೋಡಿದಳು. ‘ಹೌದು ಅಕ್ಕ. ಹೋದ ವರ್ಷ ಮಳೆಗೆ ಹೆದರಿ ಆ ತೋಟ ಬೇಗ ಕುಯ್ಸಿದ್ವಿ. ಅದನ್ನ ಮಾರಲ್ಲ, ನಮ್ಮ ತಪ್ಪು ನೆನಪಿರಲಿ ಅಂತ ಇಟ್ಟಿದೀನಿ’ ಎಂದಳು. ‘ಎಲ್ಲಿ ಕಲಿತ್ರಿ ಇದನ್ನ?’

ಅತ್ತೆಯೇ ಅಂದರು: ‘ಯಾರೂ ಕಲಿಸ್ಲಿಲ್ಲ ಕಣವ್ವ. ಕಲಿಸ್ಬೇಕಾದೋಳು ಕಲಿಸ್ಲಿಲ್ಲ.’

ಮೇಲೆ ಬಂದಾಗ ಆಫೀಸಿನ ಮೇಜಿನ ಮೇಲೆ ಕರಾರು ಪತ್ರಗಳು ಸಿದ್ಧವಾಗಿದ್ದವು. ನನ್ನ ಗಂಡ ಪೆನ್ನಿನ ಮುಚ್ಚಳ ತೆಗೆದು ಅತ್ತೆಯ ಕೈಗೆ ಕೊಟ್ಟ. ಅತ್ತೆ ಪೆನ್ನು ಹಿಡಿದುಕೊಂಡೇ ಕಂಪನಿಯವನಿಗೆ, ‘ಮೂರೆಕ್ರೆ ಅಂತ ಬರ್ದಿದ್ದೀಯಲ್ಲ, ಹತ್ ಗುಂಟೆ ಬುಟ್ಟು ಬರಿಯಪ್ಪ’ ಅಂದರು.

‘ಅವ್ವ! ಇದ್ಯಾಕೆ ಈಗ?’ ನನ್ನ ಗಂಡನ ದನಿ ಏರಿತು. ‘ಆ ಬಾಳೆ ಇವತ್ತೋ ನಾಳೆಯೋ ಅನ್ನಂಗದೆ. ಗುಂಡಿ ತಗಿಯೋರಿಲ್ಲ ಅಂತ ನೀನೇ ಅಂದಿದ್ದಲ್ಲ?’

‘ಅಂದಿದ್ದೆ. ತಪ್ ಅಂದಿದ್ದೆ. ಅವ್ಳವಳೆ.’

ಪೆನ್ನಿನ ತುದಿ ನನ್ನ ಕಡೆ ತಿರುಗಿತ್ತು. ನನ್ನ ಗಂಡ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದ. ನಾನು ಅವನ ಪರ ನಿಲ್ಲುತ್ತೇನೆಂದು ಅವನಿಗೆ ನಂಬಿಕೆಯಿತ್ತು, ಎರಡು ದಿನದ ಹಿಂದೆಯಾದರೆ ನಿಲ್ಲುತ್ತಿದ್ದೆ ಕೂಡ. ‘ಹತ್ತು ಗುಂಟೆ ಇರ್ಲಿ ಬುಡಿ’ ಅಂದೆ. ಕಂಪನಿಯವನು ವಾಣಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಎರಡು ಎಕರೆ ಮೂವತ್ತು ಗುಂಟೆಗೆ ಪತ್ರ ತಿದ್ದಿದರು. ಅತ್ತೆ ಅಕ್ಷರ ಅಕ್ಷರವಾಗಿ ದೇವೀರಮ್ಮ ಎಂದು ಬರೆದರು.

ಬಸ್ಸಿನಲ್ಲಿ ಮಾದು ಸುಮ್ಮನಿದ್ದಾನೆಯೇ? ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಹಿಂದಿನ ಸೀಟಿನಿಂದ ಕೂಗಿದ. ಎಲ್ಲರೂ ನಕ್ಕರು, ಅತ್ತೆಯೂ ನಕ್ಕರು. ನಂಜನಗೂಡು ಹತ್ತಿರವಾದಾಗ ಅವರು ಕಿಟಕಿಯ ಕಡೆ ನೋಡುತ್ತಲೇ ಮೆಲ್ಲಗೆ ಅಂದರು: ‘ಊ ಮುಡಿಯೋದ್ ಬುಟ್ಟು ಐವತ್ ವರ್ಷ ಆಯ್ತು ಕಣಮ್ಮಿ. ಊವಿನ್ ವಾಸ್ನೆ ಅಡ್ಡ ಬತ್ತದೆ ಅನ್ನೋದು ನನ್ ತಲೇಗೆ ಒಳೀಲೇ ಇಲ್ಲ. ನಿಂಗೆ ಅನ್ಯಾಯ ಮಾಡ್ಬುಟ್ಟೆ.’

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅತ್ತು ಬಿಟ್ಟೆ.

ಮಾರನೆಯ ಬೆಳಗ್ಗೆ, ಗುಂಡಿ ಮುಚ್ಚಿದ ಮೂರನೇ ದಿನ. ನಾನು ಸ್ನಾನ ಮಾಡಿ ಬರಿದಲೆಯಲ್ಲಿ ಹಿತ್ತಿಲಿಗೆ ಬಂದೆ. ಅತ್ತೆ ಕಂಡಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ನನ್ನ ಗಂಡ ಬುಟ್ಟಿಗಳನ್ನು ಜೋಡಿಸಿಕೊಂಡು, ಗುದ್ದಲಿ ಹಿಡಿದು ನಿಂತಿದ್ದ. ‘ತಗಿ’ ಅಂದರು ಅತ್ತೆ.

ಬಾಳೆದಿಂಡಿನ ಬಿರಡೆ ಎಳೆದು ಬಗ್ಗಿದೆ. ಹೊಗೆಯ ಹಿಂದೆ ಸಿಹಿ ಇತ್ತು, ಬೇಕಾದಷ್ಟಿತ್ತು. ಆದರೆ ಆ ಸಿಹಿಯ ಅಡಿಯಲ್ಲೆಲ್ಲೋ ನಿನ್ನೆಯ ಹಸಿ ದಂಟಿನ ಒಂದು ಎಳೆ ಇನ್ನೂ ಉಳಿದಿತ್ತು.

‘ಇನ್ನೂ ಆಗಿಲ್ಲ ಅತ್ತೆ. ಹೊತ್ತು ಇಳಿಯೋವಾಗ ತೆಗೆಯೋಣ’ ಅಂದೆ.

‘ಅವ್ವ, ನೀನೊಂದ್ ಕಿತ ನೋಡು’ ಅಂದ ನನ್ನ ಗಂಡ.

ಅತ್ತೆ ಬಗ್ಗಲಿಲ್ಲ. ನನ್ನ ಕೈಯಿಂದ ಬಿರಡೆ ತೆಗೆದುಕೊಂಡು ಕಂಡಿಗೆ ಒತ್ತಿದರು, ಸುತ್ತ ಹಸಿಮಣ್ಣು ಮೆತ್ತಿದರು. ‘ಗುದ್ಲಿ ಮಡಗು ಮಗ’ ಅಂದರು. ‘ಆಗಿಲ್ಲ ಅಂದ್ಲಲ್ಲ.’